7 ದಿನದಲ್ಲಿ ಕಂಪನಿ ರೆಡಿ ಅಂದರು, 23 ದಿನ ಆಯಿತು: ಒಂದು ನೋಂದಣಿ ಸೇವೆಯ ಬಗ್ಗೆ

ಮೊದಲೇ ಅಂಕ ಹೇಳಿಬಿಡುತ್ತೇನೆ. 5ಕ್ಕೆ 3. ಅದರಲ್ಲಿ ಒಂದು ಅಂಕ ಪೂರ್ತಿ ಅವರ ಚಾಟ್‌ನಲ್ಲಿ ರಾತ್ರಿ ಪಾಳಿಗೆ ಕೂರುತ್ತಿದ್ದ ಹುಡುಗಿಗೆ. ಆಕೆ ಇರದಿದ್ದರೆ 2 ಕೊಟ್ಟು ಸುಮ್ಮನಾಗುತ್ತಿದ್ದೆ.

ನಾನು ಮತ್ತು ಅಕ್ಕ ಬ್ಯಾಗ್ ರಿಪೇರಿ ಮಾಡುತ್ತೇವೆ. ಸೂಟ್‌ಕೇಸ್ ಚಕ್ರ, ಜಿಪ್, ಹಿಡಿ, ಲಾಕ್, ಹರಿದ ಒಳಬಟ್ಟೆ. ನಾಲ್ಕು ವರ್ಷ ಮನೆಯ ಹಿಂದಿನ ಕೋಣೆಯಲ್ಲೇ ಮಾಡಿದೆವು. ಗೊತ್ತಿದ್ದವರು ತರುತ್ತಿದ್ದರು, ಕೈಗೆ ದುಡ್ಡು ಕೊಟ್ಟು ಹೋಗುತ್ತಿದ್ದರು, ನಾವು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆವು. ಆಮೇಲೆ ಪ್ರವಾಸ ಏರ್ಪಡಿಸುವ ಒಂದು ಸಂಸ್ಥೆಯವರು ತಿಂಗಳಿಗೆ ಇಷ್ಟು ಸೂಟ್‌ಕೇಸ್ ಅಂತ ಖಾಯಂ ಕೆಲಸ ಕೊಡಲು ಮುಂದೆ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ನೋಂದಣಿ ಸಂಖ್ಯೆ ಎಷ್ಟು?" ನಮ್ಮ ಹತ್ತಿರ ಇದ್ದದ್ದು ನೋಟ್‌ಬುಕ್.

ಆ ರಾತ್ರಿಯೇ ಫೋನ್ ಹಿಡಿದು ಕೂತೆ. ಒಂದು ಸಲ ‘ಕಂಪನಿ ನೋಂದಣಿ’ ಅಂತ ಹುಡುಕಿದರೆ ಸಾಕು, ಆಮೇಲೆ ಎಲ್ಲಿ ನೋಡಿದರೂ ಅದೇ ಜಾಹೀರಾತು. ನಾನು ಬಿದ್ದದ್ದು ಈ ಸಾಲಿಗೆ: "7 ದಿನದಲ್ಲಿ ಕಂಪನಿ ರೆಡಿ. ಕೆಲಸ ನೀವು ನೋಡಿಕೊಳ್ಳಿ, ಕಾಗದ ನಮಗೆ ಬಿಡಿ." ಸಂಸ್ಥೆಯ ಹೆಸರು ಬೇಕೆಂದೇ ಹಾಕುತ್ತಿಲ್ಲ. ಇದೇ ಕೆಲಸ ಮಾಡುವ ಏಳೆಂಟು ವೆಬ್‌ಸೈಟ್ ಆಮೇಲೆ ನೋಡಿದೆ. ಬಣ್ಣ ಬೇರೆ ಬೇರೆ, ಪ್ಯಾಕೇಜ್ ಹೆಚ್ಚು ಕಡಿಮೆ ಒಂದೇ. ಹಾಗಾಗಿ ನೀವು ಯಾರ ಹತ್ತಿರ ಹೋದರೂ ಇದರಲ್ಲಿ ಅರ್ಧವಾದರೂ ನಿಮಗೆ ಎದುರಾಗಬಹುದು.

ಪ್ಯಾಕೇಜ್ ಮೂರು. ಮೊದಲನೆಯದರಲ್ಲಿ ಏನೂ ಇಲ್ಲ ಅನ್ನಿಸುವ ಹಾಗೆ ಬರೆದಿರುತ್ತಾರೆ, ಮೂರನೆಯದು ಕೈಗೆ ಎಟುಕುವುದಿಲ್ಲ, ಅಲ್ಲಿಗೆ ಎಲ್ಲರೂ ನಡುವಿನದನ್ನೇ ಒತ್ತುತ್ತಾರೆ. ನಾನೂ ಅದನ್ನೇ ಒತ್ತಿದೆ. ಬಿಲ್ ಬಂದ ಮೇಲೆ ಬಿಡಿಸಿ ನೋಡಿದರೆ, ಸರ್ಕಾರಕ್ಕೆ ಹೋಗುವ ಶುಲ್ಕ ಒಂದು ಪಾಲಾದರೆ ಇವರದ್ದು ಎರಡೂವರೆ ಪಾಲು. ಇದು ಮೋಸ ಅಂತ ಹೇಳಲ್ಲ. ನಾನು ಕೂಡ ಒಂದು ಜಿಪ್ ರನ್ನರ್ ಹಾಕಲು ರನ್ನರಿನ ಬೆಲೆಗಿಂತ ಜಾಸ್ತಿ ತಗೊಳ್ಳುತ್ತೇನೆ. ಕೈಕೆಲಸಕ್ಕೆ ಬೆಲೆ ಇದೆ. ಆದರೆ ಆ ಎರಡೂವರೆ ಪಾಲಿನಲ್ಲಿ ಏನೇನು ಸೇರಿತ್ತು ಅನ್ನುವುದು ನೋಡಬೇಕು.

ಹಣ ಕಟ್ಟುವ ಪುಟದಲ್ಲಿ ಐದು ಚೌಕ ಇದ್ದವು. ಐದಕ್ಕೂ ಮೊದಲೇ ಟಿಕ್ ಹಾಕಿತ್ತು. ಕಂಪನಿ ಸೀಲ್. ಷೇರು ಪತ್ರ ಇಡುವ ಚರ್ಮದ ಫೈಲು. ಒಂದು ವರ್ಷದ ನೋಂದಾಯಿತ ವಿಳಾಸ ಸೇವೆ. ಲೋಗೋ. ‘ಆದ್ಯತೆಯ ಪರಿಶೀಲನೆ’. ನಾನು ಲೋಗೋ ಒಂದರ ಟಿಕ್ ತೆಗೆದು ಉಳಿದದ್ದು ಬಿಟ್ಟೆ, ಬೇಕಾಗಬಹುದು ಅಂತ. ಫೈಲು ಮನೆಗೆ ಬಂದಾಗ ಅಕ್ಕ ಅದರ ಅಂಚು ಬೆರಳಲ್ಲಿ ಮಡಚಿ, ಬಿಟ್ಟು, ಇನ್ನೊಂದು ಸಲ ಮಡಚಿ ನೋಡಿದಳು. "ಚರ್ಮ ಅಲ್ಲ ಕಣೋ, ರೆಕ್ಸಿನ್. ಅದೂ ತೆಳು. ಒಂದು ವರ್ಷಕ್ಕೆ ಬಿರುಕು ಬಿಡುತ್ತೆ ನೋಡು." ಬ್ಯಾಗ್ ರಿಪೇರಿಯವರಿಗೆ ರೆಕ್ಸಿನ್ ಫೈಲನ್ನು ಚರ್ಮ ಅಂತ ಮಾರಿದ್ದಕ್ಕೆ ಅರ್ಧ ಅಂಕ ಕಡಿತ. ಇನ್ನು ಸೀಲ್. ಕೈಯಲ್ಲಿ ಒತ್ತುವ ಕಬ್ಬಿಣದ ಯಂತ್ರ, ಒಳ್ಳೆ ತೂಕ. ಕಾಗದದ ಮೇಲೆ ಉಬ್ಬು ಅಚ್ಚು ಬೀಳುತ್ತದೆ, ನೋಡಲು ಚಂದ. ಆದರೆ ಕಂಪನಿ ಸೀಲ್ ಅನ್ನೋದು ಈಗ ಎಷ್ಟೋ ಕಡೆ ಕಡ್ಡಾಯವೇ ಅಲ್ಲ. ಬ್ರಿಟನ್ನಿನಲ್ಲಿ 1989ರ ಕಾನೂನಿನಲ್ಲೇ ಆ ಕಡ್ಡಾಯ ತೆಗೆದುಹಾಕಿದರು. ನಮ್ಮ ಕಾಗದಕ್ಕೂ ಯಾರೂ ಇವತ್ತಿನವರೆಗೆ ಸೀಲ್ ಕೇಳಿಲ್ಲ.

ಆಮೇಲೆ ಪ್ರಶ್ನೆಗಳ ಪುಟ. ನಿಮ್ಮ ವ್ಯವಹಾರಕ್ಕೆ ಯಾವ ರೂಪ ಸರಿ ಅಂತ ಹೇಳುವ ‘ಸ್ಮಾರ್ಟ್ ಸಲಹೆ’. ಮೂರು ಪ್ರಶ್ನೆ ಕೇಳಿತು. ಎಷ್ಟು ಜನ ಇದ್ದೀರಿ, ಮುಂದೆ ಬೆಳೆಯುವ ಆಸೆ ಇದೆಯಾ, ಸಾಲದ ಹೊಣೆ ನಿಮ್ಮ ತಲೆ ಮೇಲೆ ಬರದಿರಲಿ ಅಂತ ಬಯಸುತ್ತೀರಾ. ಬೆಳೆಯುವ ಆಸೆ ಇಲ್ಲ, ಸಾಲದ ಹೊಣೆ ನನ್ನ ತಲೆ ಮೇಲೇ ಬರಲಿ ಅನ್ನುವವನು ಯಾರಿದ್ದಾನೆ? ಹೇಗೆ ಉತ್ತರ ಕೊಟ್ಟರೂ ಕೊನೆಗೆ ‘ಸೀಮಿತ ಹೊಣೆಯ ಕಂಪನಿ’ ಅಂತಲೇ ಬರುತ್ತಿತ್ತು. ಸುಮ್ನೆ ಮೂರು ಸಲ ಬದಲಾಯಿಸಿ ನೋಡಿದೆ.

ಅಲ್ಲಿ ಹೇಳದೇ ಬಿಟ್ಟದ್ದು ಬಹಳ ಇದೆ. ಒಬ್ಬರೇ ನಿಮ್ಮ ಹೆಸರಲ್ಲೇ ನಡೆಸುವುದು ಎಲ್ಲಕ್ಕಿಂತ ಸುಲಭ, ಕಾಗದವೂ ಕಡಿಮೆ. ಆದರೆ ಅಂಗಡಿಯ ಸಾಲವೂ ನಿಮ್ಮದೇ, ಮನೆಯ ಸಾಲವೂ ನಿಮ್ಮದೇ, ನಡುವೆ ಗೋಡೆ ಇಲ್ಲ. ಇಬ್ಬರು ಸೇರಿ ಲಾಭಕ್ಕಾಗಿ ಕೆಲಸ ಮಾಡಿದರೆ ಬಹಳ ದೇಶಗಳಲ್ಲಿ ಅದು ತಾನಾಗೇ ಪಾಲುದಾರಿಕೆ ಅನ್ನಿಸಿಕೊಳ್ಳುತ್ತದೆ. ನೀವು ಒಂದು ಕಾಗದಕ್ಕೂ ಸಹಿ ಹಾಕಿರಬೇಕಾಗಿಲ್ಲ. ಅಂದರೆ ನಾನು ಮತ್ತು ಅಕ್ಕ ನಾಲ್ಕು ವರ್ಷ ಪಾಲುದಾರರಾಗಿದ್ದೆವು, ನಮಗೇ ಗೊತ್ತಿರಲಿಲ್ಲ. ಅಕ್ಕ ಯಾರಿಂದಲಾದರೂ ಸಾಲಕ್ಕೆ ನೂರು ಚಕ್ರ ತಂದಿದ್ದರೆ ಅವರು ನನ್ನ ಕೊರಳಪಟ್ಟಿಯನ್ನೂ ಹಿಡಿಯಬಹುದಿತ್ತು.

ಕಂಪನಿ ಮಾಡಿದರೆ ಆ ಗೋಡೆ ಬರುತ್ತದೆ. ಈ ಗೋಡೆಯ ಕಥೆಯಲ್ಲಿ ನಮ್ಮದೇ ಥರದ ಕಸುಬಿನವನೊಬ್ಬ ಇದ್ದಾನೆ, ಹೇಳದೆ ಇರಲಾರೆ. ಆರನ್ ಸಾಲೊಮನ್ ಅಂತ, ಲಂಡನ್ನಿನಲ್ಲಿ ಬೂಟು ಮಾಡುತ್ತಿದ್ದ. ವರ್ಷಗಟ್ಟಲೆ ಒಬ್ಬನೇ ಚೆನ್ನಾಗಿ ನಡೆಸಿ, 1892ರಲ್ಲಿ ಕಂಪನಿ ಮಾಡಿದ. ಆಗಿನ ಕಾನೂನಿಗೆ ಏಳು ಜನ ಬೇಕು. ಇವನು, ಹೆಂಡತಿ, ಒಬ್ಬ ಮಗಳು, ನಾಲ್ಕು ಗಂಡುಮಕ್ಕಳು. ಲೆಕ್ಕ ಸರಿಹೋಯಿತು. ಅವರಿಗೆಲ್ಲ ಒಂದೊಂದು ಷೇರು, ಇವನಿಗೆ 20,001. ಕಂಪನಿ ಬೇಗನೆ ಮುಳುಗಿತು. ಇದೆಲ್ಲ ನಾಟಕ, ಕಂಪನಿ ಅಂದರೆ ಇವನೇ, ಸಾಲ ಇವನೇ ತೀರಿಸಲಿ ಅಂತ ಕೇಸು ನಡೆಯಿತು. ಕೆಳಗಿನ ಕೋರ್ಟುಗಳಲ್ಲಿ ಸೋತ. 1896ರ ನವೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್, ಆಗ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟು, ಅವನ ಪರ ಹೇಳಿತು. ಕಂಪನಿ ಬೇರೆ, ಸಾಲೊಮನ್ ಬೇರೆ. ಇಂದಿಗೂ ಕಂಪನಿ ಕಾನೂನು ಓದುವವರು ಈ ಬೂಟಿನವನಿಂದಲೇ ಶುರು ಮಾಡುತ್ತಾರೆ.

ಇದನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ಚಕ್ರದ ರಿವೆಟ್ ಕೀಳುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಸರಿ. ಬ್ಯಾಂಕಿನವರು ಸುಮ್ಮನೆ ಬಿಡ್ತಾರಾ?"

ಬಿಡುವುದಿಲ್ಲ. ಹೊಸ ಚಿಕ್ಕ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಮಾಲೀಕರ ವೈಯಕ್ತಿಕ ಜಾಮೀನು ಕೇಳುತ್ತಾರೆ. ನೀವು ಸಹಿ ಹಾಕಿದ ಕ್ಷಣ ಆ ಸಾಲದ ಮಟ್ಟಿಗೆ ಗೋಡೆಯಲ್ಲಿ ಬಾಗಿಲು ತೆರೆದ ಹಾಗೆ. ಅಂಗಡಿ ಬಾಡಿಗೆಯ ಕರಾರಿನಲ್ಲೂ ಇದು ಬರಬಹುದು. ಗಿರಾಕಿಗಳು, ಸರಕು ಕೊಡುವವರು, ಇವರಿಂದ ಬರುವ ತೊಂದರೆಗೆ ಗೋಡೆ ಕೆಲಸಕ್ಕೆ ಬರುತ್ತದೆ. ನಮಗೆ ಬೇಕಾಗಿದ್ದದ್ದೂ ಅದೇ. ನಮ್ಮ ಕೈಯಲ್ಲಿ ಬೇರೆಯವರ ದುಬಾರಿ ಸೂಟ್‌ಕೇಸ್ ಇರುತ್ತದೆ, ಹಾಳಾದರೆ ಏನು ಗತಿ ಅಂತ. ಹಾಗಾಗಿ ಕಂಪನಿಯೇ ಸರಿ ಅಂತ ನಿರ್ಧಾರ ಮಾಡಿದೆವು. ಸೇವೆಯವರು ಹೇಳಿದ್ದೂ ಅದೇ, ನಾವು ತಲುಪಿದ್ದೂ ಅದೇ. ಆದರೆ ಕಾರಣ ನಾವೇ ಹುಡುಕಿಕೊಳ್ಳಬೇಕಾಯಿತು.

ಈಗ ಆ 7 ದಿನದ ವಿಷಯ.

ಹಣ ಕಟ್ಟಿದ್ದು ಮೊದಲನೇ ದಿನ. ದಾಖಲೆ ಹಾಕಿದ್ದು 3ನೇ ದಿನ. 5ನೇ ದಿನ ರಾತ್ರಿ ಹನ್ನೊಂದಕ್ಕೆ ಚಾಟ್‌ನಲ್ಲಿ ಸಂದೇಶ. "ಸರ್, ನಿಮ್ಮ ಅಕ್ಕನವರ ಹೆಸರು ಒಂದು ಗುರುತಿನ ಪತ್ರದಲ್ಲಿ ಪೂರ್ತಿ ಇದೆ, ಇನ್ನೊಂದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಹೀಗೇ ಹಾಕಿದರೆ ಈಗ ಪಾಸ್ ಆಗಬಹುದು. ಆದರೆ ಬ್ಯಾಂಕ್ ಖಾತೆ ಮಾಡುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಸರಿ ಮಾಡಿಸಿಕೊಂಡು ಬಂದುಬಿಡಿ." ನಾವು ಆ ಪತ್ರಗಳನ್ನು ಅದೆಷ್ಟು ವರ್ಷದಿಂದ ಇಟ್ಟುಕೊಂಡಿದ್ದೇವೆ, ಒಂದು ದಿನವೂ ಗಮನಿಸಿರಲಿಲ್ಲ. ಆ ಅಂಕ ಈ ಹುಡುಗಿಗೆ. ಆಕೆ ಸುಮ್ಮನೆ ಮುಂದೆ ತಳ್ಳಬಹುದಿತ್ತು, ಅವಳ ದಿನದ ಲೆಕ್ಕಕ್ಕೆ ಒಂದು ಫೈಲ್ ಮುಗಿಯುತ್ತಿತ್ತು.

ಸರಿ ಮಾಡಿಸಿದ ಪತ್ರ 9ನೇ ದಿನ ಸಿಕ್ಕಿತು, 10ಕ್ಕೆ ಅರ್ಜಿ ಹೋಯಿತು. 14ನೇ ದಿನ ರಿಜಿಸ್ಟ್ರಾರ್ ಕಚೇರಿಯಿಂದ, ಅಂದರೆ ಕಂಪನಿ ನೋಂದಣಿ ಮಾಡುವ ಸರ್ಕಾರಿ ಕಚೇರಿಯಿಂದ, ವಾಪಸ್. ಕಾರಣ ಹೆಸರು.

ಇದು ಮಾತ್ರ ಸೇವೆಯವರ ತಪ್ಪೇ. ಅವರ ವೆಬ್‌ಸೈಟಿನಲ್ಲಿ ಹೆಸರು ಪರೀಕ್ಷಿಸುವ ಡಬ್ಬಿ ಇದೆ. ನಮ್ಮ ಹೆಸರು ಹಾಕಿದರೆ ಹಸಿರು ಟಿಕ್, ‘ಅಭಿನಂದನೆಗಳು, ಲಭ್ಯವಿದೆ’. ಆ ಡಬ್ಬಿ ನೋಡುವುದು ಅಕ್ಷರಕ್ಕೆ ಅಕ್ಷರ ಅದೇ ಹೆಸರು ಇದೆಯಾ ಅಂತ ಮಾತ್ರ. ರಿಜಿಸ್ಟ್ರಾರ್ ಹಾಗೆ ನೋಡಲ್ಲ. ಜಾಗ ಬಿಟ್ಟು ಬರೆದರೂ, ಕೂಡಿಸಿ ಬರೆದರೂ, ಒಂದನ್ನು ‘ಗಳು’ ಮಾಡಿದರೂ ಹೆಸರು ಬೇರೆ ಆಗುವುದಿಲ್ಲ. ನಮ್ಮ ಹೆಸರಿಗೂ ಮೊದಲೇ ನೋಂದಣಿಯಾಗಿದ್ದ ಇನ್ನೊಂದು ಕಂಪನಿಯ ಹೆಸರಿಗೂ ಇದ್ದ ಅಂತರ ಒಂದು ಅಡ್ಡಗೆರೆ. ಅಧಿಕೃತ ದಾಖಲೆಯಲ್ಲಿ ನಾನೇ ಹುಡುಕಿದ್ದರೆ ಎರಡು ನಿಮಿಷಕ್ಕೆ ಕಾಣುತ್ತಿತ್ತು. ಅದು ಎಲ್ಲರಿಗೂ ತೆರೆದಿರುವ ದಾಖಲೆ, ಹುಡುಕಲು ದುಡ್ಡೂ ಬೇಕಿರಲಿಲ್ಲ. ಹಸಿರು ಟಿಕ್ ನೋಡಿ ಸುಮ್ಮನಾದ ನನ್ನದೂ ಪಾಲು ಇದೆ ಅಂತ ಇಟ್ಟುಕೊಳ್ಳಿ. ಆದರೂ ‘ಅಭಿನಂದನೆಗಳು’ ಅಂತ ಬರೆಯಬೇಕಿತ್ತಾ?

ಹೊಸ ಹೆಸರು ಅಕ್ಕ ಹೇಳಿದ್ದು. ಚೆನ್ನಾಗಿದೆ. ಇಲ್ಲಿ ಬರೆದರೆ ಜಾಹೀರಾತು ಮಾಡಿಕೊಳ್ಳುತ್ತಿದ್ದಾನೆ ಅಂತೀರಿ, ಬಿಡಿ.

16ನೇ ದಿನ ಮತ್ತೆ ಅರ್ಜಿ. 23ನೇ ದಿನ ಪ್ರಮಾಣಪತ್ರ ಬಂತು. ಜೊತೆಗೆ ಸೇವೆಯವರ ಇಮೇಲ್, ಮೇಲೆ ಬಣ್ಣದ ಕಾಗದ ಹಾರುವ ಚಿತ್ರ: "ಹೇಳಿದ ಹಾಗೆ 7 ದಿನದಲ್ಲಿ!" 16ರಿಂದ 23, ಸರಿಯಾಗಿ 7. ಅವರ ಗಡಿಯಾರ ಎಲ್ಲ ದಾಖಲೆ ಸರಿಯಾಗಿ ಸಲ್ಲಿಕೆಯಾದ ಮೇಲೆ ಓಡಲು ಶುರುವಾಗುತ್ತದೆ ಅಂತ ನಿಯಮಗಳಲ್ಲಿ ಬರೆದಿದೆ, ಸಣ್ಣ ಅಕ್ಷರದಲ್ಲಿ. ಇನ್ನು ಆ ‘ಆದ್ಯತೆಯ ಪರಿಶೀಲನೆ’ಗೆ ಕೊಟ್ಟ ದುಡ್ಡು ಏನು ಮಾಡಿತು ಅಂತ ಕೇಳಿದೆ. ನಮ್ಮ ಫೈಲನ್ನು ಅವರ ಕಚೇರಿಯಲ್ಲಿ ಮೊದಲು ತೆರೆಯುತ್ತಾರಂತೆ. ರಿಜಿಸ್ಟ್ರಾರ್ ಕಚೇರಿಯಲ್ಲಲ್ಲ.

ಹೋಲಿಕೆಗೆ ಹೇಳುತ್ತೇನೆ. ವಿಶ್ವ ಬ್ಯಾಂಕ್ ಮೊದಲು ಪ್ರತಿ ವರ್ಷ ‘ಡೂಯಿಂಗ್ ಬ್ಯುಸಿನೆಸ್’ ಅಂತ ಒಂದು ವರದಿ ತರುತ್ತಿತ್ತು. ಯಾವ ದೇಶದಲ್ಲಿ ವ್ಯವಹಾರ ಶುರು ಮಾಡಲು ಎಷ್ಟು ಹಂತ, ಎಷ್ಟು ದಿನ ಅಂತ ಎಣಿಸುತ್ತಿದ್ದರು. ನ್ಯೂಜಿಲೆಂಡ್‌ನಲ್ಲಿ ಒಂದೇ ಹಂತ, ಅರ್ಧ ದಿನ. ಅಂಕಿಅಂಶದಲ್ಲಿ ಗೋಲ್‌ಮಾಲ್ ಆಗಿದೆ ಅಂತ ಗೊತ್ತಾಗಿ 2021ರಲ್ಲಿ ಆ ವರದಿಯನ್ನೇ ನಿಲ್ಲಿಸಿದರು, ಅದು ಬೇರೆ ಮಾತು. ನನ್ನ ಅನುಭವದಲ್ಲಿ ಕಂಪ್ಯೂಟರ್ ಎಷ್ಟು ವೇಗ ಅನ್ನುವುದು ಮುಖ್ಯವೇ ಆಗಲಿಲ್ಲ. 23 ದಿನದಲ್ಲಿ ಸರ್ಕಾರದ ಮೇಜಿನ ಮೇಲೆ ಫೈಲ್ ಇದ್ದದ್ದು ಎರಡೂ ಸಲ ಸೇರಿ 11 ದಿನ. ಉಳಿದದ್ದು ನಮ್ಮ ಕಡೆಯದ್ದು.

ಷೇರು ಹಂಚುವ ಪುಟದ ಬಗ್ಗೆ ಸ್ವಲ್ಪ ಹೇಳಬೇಕು. ಇಬ್ಬರು ಅಂದ ತಕ್ಷಣ ಅವರ ಫಾರಂ ತಾನಾಗೇ 50 ಮತ್ತು 50 ತುಂಬಿಕೊಂಡಿತು. ಹಗಲು ಪಾಳಿಯ ಚಾಟ್‌ನವರನ್ನು ಕೇಳಿದೆ. "ಅದೇ ಇರಲಿ ಬಿಡಿ ಸರ್, ಎಲ್ಲರೂ ಹಾಗೇ ಮಾಡೋದು" ಅಂದರು. ನಾನೂ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಅಕ್ಕ ಕೈ ಹಿಡಿದಳು.

"ತಡಿ. ನಾವಿಬ್ಬರೂ ಜಗಳ ಆಡಿದರೆ ಯಾರ ಮಾತು ನಡೀಬೇಕು?"

"ನಾವ್ಯಾಕೆ ಜಗಳ ಆಡ್ತೀವಿ?"

"ಹೋದ ತಿಂಗಳು ಹೊಲಿಗೆ ಮಿಷನ್ ತಗೊಳ್ಳೋ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದು ಯಾರು?"

ನಾನೇ. ಅವಳು ಹೇಳಿದ್ದು ಸರಿ ಇತ್ತು. ಅರ್ಧ ಅರ್ಧ ಅಂದರೆ ಇಬ್ಬರೂ ಒಪ್ಪದಿದ್ದರೆ ಕಂಪನಿ ಅಲ್ಲೇ ನಿಲ್ಲುತ್ತದೆ. ಯಾರಿಗೂ ತಳ್ಳುವ ಶಕ್ತಿ ಇರಲ್ಲ. ಆ ಸಂಜೆ ಕೆಲಸ ಬಿಟ್ಟು ಕೂತು ಒಂದು ಹಾಳೆಯಲ್ಲಿ ಬರೆದೆವು. ಇಷ್ಟು ಮೊತ್ತದವರೆಗೆ ಯಾರಾದರೂ ಒಬ್ಬರೇ ಖರ್ಚು ಮಾಡಬಹುದು. ಯಂತ್ರದ ವಿಷಯ ಅಕ್ಕನ ಮಾತು ಕೊನೆ, ಗಿರಾಕಿ ಮತ್ತು ಬೆಲೆಯ ವಿಷಯ ನನ್ನದು. ಒಬ್ಬರು ಬಿಟ್ಟು ಹೋಗುವುದಾದರೆ ಷೇರನ್ನು ಮೊದಲು ಇನ್ನೊಬ್ಬರಿಗೇ ಕೊಡಬೇಕು, ಬೆಲೆಯನ್ನು ಹೊರಗಿನ ಲೆಕ್ಕಿಗರು ಕಟ್ಟಬೇಕು. ಒಬ್ಬರು ತೀರಿಕೊಂಡರೆ? ಅಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅದನ್ನೂ ಬರೆದೆವು.

ಸೇವೆಯವರ ಪ್ಯಾಕೇಜಿನಲ್ಲಿ ಷೇರುದಾರರ ಒಪ್ಪಂದದ ಮಾದರಿ ಇತ್ತು. 31 ಪುಟ. ಅದರಲ್ಲಿ ಹೂಡಿಕೆದಾರರ ಪ್ರತಿನಿಧಿ, ಮೂರನೇ ಸುತ್ತಿನ ಬಂಡವಾಳ, ಇನ್ನೂ ಏನೇನೋ. ಯಂತ್ರ ಯಾರು ಆರಿಸಬೇಕು ಅಂತ ಎಲ್ಲೂ ಇರಲಿಲ್ಲ. ನಮ್ಮ ಹಾಳೆಯನ್ನೇ ಒಬ್ಬ ವಕೀಲರಿಗೆ ತೋರಿಸಿ ನಾಲ್ಕು ಪುಟ ಮಾಡಿಸಿಕೊಂಡೆವು. ಇಡೀ ನೋಂದಣಿಯಲ್ಲಿ ಸಂತೋಷದಿಂದ ಕೊಟ್ಟ ದುಡ್ಡು ಅಂದರೆ ಆ ವಕೀಲರ ಫೀಸು.

ಈಗ ನನ್ನ ದೊಡ್ಡ ದೂರು. ಚಟುವಟಿಕೆ ಸಂಕೇತ.

ನೋಂದಣಿ ಅರ್ಜಿಯಲ್ಲಿ ನೀವು ಮಾಡುವ ಕೆಲಸಕ್ಕೆ ಒಂದು ಸಂಖ್ಯೆ ಹಾಕಬೇಕಾಗುತ್ತದೆ. ಇದರ ಹಿಂದೆ ವಿಶ್ವಸಂಸ್ಥೆಯ ಒಂದು ದೊಡ್ಡ ಪಟ್ಟಿ ಇದೆ. 1948ರಲ್ಲಿ ಶುರುವಾಗಿ ಆಗಾಗ ತಿದ್ದಿಕೊಂಡು ಬಂದಿದ್ದಾರೆ. ಬಹಳ ದೇಶಗಳು ಅದನ್ನೇ ಸ್ವಲ್ಪ ಬದಲಾಯಿಸಿ ಬಳಸುತ್ತವೆ. ಆ ಪಟ್ಟಿಯ 4ನೇ ಪರಿಷ್ಕರಣೆಯಲ್ಲಿ 1512 ಅಂದರೆ ಸೂಟ್‌ಕೇಸ್, ಕೈಚೀಲ ಮುಂತಾದವುಗಳ ತಯಾರಿಕೆ. 9523 ಅಂದರೆ ಪಾದರಕ್ಷೆ ಮತ್ತು ಚರ್ಮದ ಸಾಮಾನಿನ ರಿಪೇರಿ, ಸೂಟ್‌ಕೇಸ್ ರಿಪೇರಿಯೂ ಅದರಲ್ಲೇ. ನಾನು ಫಾರಂನಲ್ಲಿ ‘ಬ್ಯಾಗ್ ಮತ್ತು ಸೂಟ್‌ಕೇಸ್ ಕೆಲಸ’ ಅಂತ ಬರೆದಿದ್ದೆ. ಯಾರೋ ಸೂಟ್‌ಕೇಸ್ ಅನ್ನುವ ಪದ ಹುಡುಕಿ ಮೊದಲು ಸಿಕ್ಕ ತಯಾರಿಕೆಯ ಸಂಕೇತ ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಜಿಪ್ ರನ್ನರಿನ ಹಿಂಬದಿ ನೋಡಿದ್ದೀರಾ? ಅಲ್ಲಿ ಚಿಕ್ಕದಾಗಿ ಒಂದು ಅಂಕಿ ಕೆತ್ತಿರುತ್ತದೆ. 3, 5, 8, 10, ಹೀಗೆ. ಹಲ್ಲು ಕೂಡಿದಾಗ ಎಷ್ಟು ಅಗಲ ಅನ್ನುವುದರ ಅಂದಾಜು ಅದು. ಐದರ ಹಲ್ಲಿಗೆ ಎಂಟರ ರನ್ನರ್ ಹಾಕಿದರೆ ಸಲೀಸಾಗಿ ಹತ್ತುತ್ತದೆ, ಸಲೀಸಾಗಿ ಓಡುತ್ತದೆ. ಗಿರಾಕಿ ಖುಷಿಯಾಗಿ ತಗೊಂಡು ಹೋಗುತ್ತಾನೆ. ಬ್ಯಾಗಿಗೆ ಬಟ್ಟೆ ತುಂಬಿದಾಗ ರನ್ನರ್ ಹಾದುಹೋದ ಜಾಗದಲ್ಲೇ ಹಿಂದಿನಿಂದ ಬಾಯಿ ಬಿಡುತ್ತದೆ. ನಮ್ಮ 1512 ಕೂಡ ಹಾಗೇ ಆಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಲೀಸಾಗಿ ಓಡಿತು. ಬ್ಯಾಂಕಿಗೆ ಹೋದಾಗ ಬಾಯಿ ಬಿಟ್ಟಿತು. "ತಯಾರಿಕಾ ಘಟಕ ಎಲ್ಲಿದೆ?" ಅಂದರು. ಘಟಕ ಇಲ್ಲ, ಒಂದು ಮೇಜು, ಎರಡು ಮಿಷನ್ ಅಂದೆ. ಕಾಗದದಲ್ಲಿ ತಯಾರಿಕೆ ಅಂತಿದೆಯಲ್ಲ ಅಂದರು. ವಿಮೆಯವರು ಕಾರ್ಖಾನೆ ಅಂತ ಲೆಕ್ಕ ಹಾಕಿ, ನೋಡಿದರೆ ತಲೆ ತಿರುಗುವಂಥ ಕಂತು ಕಳಿಸಿದರು.

ತಿದ್ದುಪಡಿಗೆ ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ. ತಪ್ಪು ನಿಮ್ಮದು, ಶುಲ್ಕ ನೀವೇ ಕೊಡಿ ಅಂತ ಸೇವೆಯವರಿಗೆ ಬರೆದೆ. ಅರ್ಜಿ ಸಲ್ಲಿಸುವ ಮುಂಚೆ ನಾನು ‘ಎಲ್ಲ ವಿವರ ಪರಿಶೀಲಿಸಿದ್ದೇನೆ’ ಅಂತ ಒತ್ತಿದ ದಿನಾಂಕ, ಸಮಯ, ನಿಮಿಷ ಸಮೇತ ಉತ್ತರ ಬಂತು. ಒತ್ತಿದ್ದು ನಿಜ. 18 ಪುಟದ ಪಿಡಿಎಫ್, 12ನೇ ಪುಟದಲ್ಲಿ ನಾಲ್ಕು ಅಂಕಿ. ಒಂದು ವಾರ ಜಗ್ಗಾಡಿದ ಮೇಲೆ ಅವರ ಕೂಲಿ ಬಿಟ್ಟುಕೊಟ್ಟರು, ಸರ್ಕಾರಿ ಶುಲ್ಕ ನಾನು ಕಟ್ಟಿದೆ. ನೀವು ಯಾರ ಕೈಲಿ ಮಾಡಿಸಿದರೂ ಆ ಸಂಖ್ಯೆ ಮಾತ್ರ ನೀವೇ ಪಟ್ಟಿ ತೆರೆದು ನೋಡಿ ಹೇಳಿ. ಹತ್ತು ನಿಮಿಷದ ಕೆಲಸ.

ಹೆಸರು ನೋಂದಣಿಯಾದರೆ ಆ ಹೆಸರು ನಮ್ಮದೇ ಅಂದುಕೊಂಡಿದ್ದೆ. ಅಲ್ಲವಂತೆ. ಇದನ್ನೂ ರಾತ್ರಿ ಪಾಳಿಯವಳೇ ಹೇಳಿದ್ದು. ಕಂಪನಿ ಹೆಸರು ದಾಖಲೆಯಲ್ಲಿ ಇನ್ನೊಂದು ಕಂಪನಿ ಬರದಂತೆ ತಡೆಯುತ್ತದೆ ಅಷ್ಟೇ, ಬೋರ್ಡಿನ ಮೇಲೆ ಬಳಸದಂತೆ ತಡೆಯಲು ಟ್ರೇಡ್‌ಮಾರ್ಕ್ ಬೇಕು. ಅದಕ್ಕೂ ವರ್ಗಗಳಿವೆ, 1957ರಲ್ಲಿ ಫ್ರಾನ್ಸಿನ ನೀಸ್ ಊರಲ್ಲಿ ಆದ ಒಪ್ಪಂದದಿಂದ ಬಂದದ್ದು, ಈಗ 45. ತಮ್ಮ ಹೆಸರಲ್ಲಿ ಬ್ಯಾಗ್ ಮಾಡಿ ಮಾರುವವರಿಗೆ 18, ರಿಪೇರಿಯವರಿಗೆ 37. "ನಮ್ಮ ಪ್ಯಾಕೇಜಲ್ಲಿ ಇದು ಬರಲ್ಲ ಸರ್. ಬೇಕಾದರೆ ಮಾಡಿಕೊಡ್ತೀವಿ, ಆದರೆ ನಿಮಗೆ ಈಗಲೇ ಬೇಕಾ ಅಂತ ಯೋಚನೆ ಮಾಡಿ" ಅಂದಳು. ಮಾರಾಟದ ಗುರಿ ಇರುವವರ ಬಾಯಲ್ಲಿ ಈ ಮಾತು ಬರುವುದು ಅಪರೂಪ. ನಾವು ಆರು ತಿಂಗಳು ಬಿಟ್ಟು 37ಕ್ಕೆ ಹಾಕಿದೆವು.

ವಿಳಾಸ ಸೇವೆ ಮಾತ್ರ ಉಪಯೋಗಕ್ಕೆ ಬಂತು. ಕಂಪನಿಯ ನೋಂದಾಯಿತ ವಿಳಾಸ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮನೆಯ ವಿಳಾಸ ಹಾಕಿದರೆ ಮನೆ ಎಲ್ಲಿ ಅಂತ ಲೋಕಕ್ಕೆ ಸಾರಿದ ಹಾಗೆ. ಪ್ರಮಾಣಪತ್ರ ಬಂದ ಮೂರನೇ ವಾರಕ್ಕೆ ಆ ವಿಳಾಸಕ್ಕೆ ಕಾಗದಗಳು ಬರಲು ಶುರುವಾದವು. ಲಾಂಛನದಂಥ ಚಿತ್ರ, ದಪ್ಪ ಅಕ್ಷರ, ಕಂಪನಿ ಸಂಖ್ಯೆ, ಕೊನೆಯ ದಿನಾಂಕ, ಕಟ್ಟಬೇಕಾದ ಮೊತ್ತ. ಸರ್ಕಾರದ್ದೇ ಅನ್ನಿಸುತ್ತದೆ. ಓದಿದರೆ ಯಾವುದೋ ಖಾಸಗಿ ‘ವ್ಯಾಪಾರ ಪಟ್ಟಿ’ಯಲ್ಲಿ ಹೆಸರು ಸೇರಿಸಲು ಶುಲ್ಕ. ಟ್ರೇಡ್‌ಮಾರ್ಕ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯಿತು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಇಂಥ ಕಾಗದಗಳ ಬಗ್ಗೆ ಎಚ್ಚರಿಕೆ ಹಾಕಿದೆ. ಸೇವೆಯವರು ಸ್ಕ್ಯಾನ್ ಮಾಡಿ ಕಳಿಸುವಾಗ ‘ಇದು ಕಡ್ಡಾಯವಲ್ಲ’ ಅಂತ ಕೆಂಪು ಗುರುತು ಹಾಕಿ ಕಳಿಸುತ್ತಿದ್ದರು. ಇದಕ್ಕೆ ಮೆಚ್ಚುಗೆ.

ಆದರೆ ಇದೇ ಸೇವೆ ವರ್ಷ ಮುಗಿದ ದಿನ ತಾನಾಗೇ ನವೀಕರಣವಾಗಿ ಕಾರ್ಡಿನಿಂದ ದುಡ್ಡು ಹೋಯಿತು. ಮೊದಲ ವರ್ಷದ ದರದ ಎರಡರಷ್ಟು.

ಮತ್ತು ಲಾಗಿನ್. ಇದು ನಡೆದು ಎರಡು ತಿಂಗಳಾಗಿದೆ, ಇನ್ನೂ ಸಿಟ್ಟು ಇಳಿದಿಲ್ಲ. ಕಂಪನಿ ಅಂದ ಮೇಲೆ ಪ್ರತಿ ವರ್ಷ ಒಂದು ವರದಿ ಸಲ್ಲಿಸಬೇಕು. ವ್ಯವಹಾರ ನಡೆದಿರಲಿ ಬಿಡಲಿ, ಕಂಪನಿ ಇದೆ ಅಂತ ಹೇಳಬೇಕು. ತಪ್ಪಿದರೆ ದಂಡ, ಬಿಟ್ಟೇಬಿಟ್ಟರೆ ದಾಖಲೆಯಿಂದ ಹೆಸರು ಹೊಡೆದುಹಾಕಬಹುದು. ಅದರ ನೆನಪೋಲೆ ಬರುವುದು ಸರ್ಕಾರಿ ಪೋರ್ಟಲಿನಲ್ಲಿ ಕೊಟ್ಟ ಇಮೇಲಿಗೆ. ನಮ್ಮ ಖಾತೆಯಲ್ಲಿ ಇದ್ದದ್ದು ಸೇವೆಯವರ ಇಮೇಲ್. ಮಾಡಿಸುವಾಗ ‘ಅನುಕೂಲಕ್ಕೆ’ ಅಂತ ಅವರದ್ದೇ ಹಾಕಿಕೊಂಡಿದ್ದಾರೆ. ಕೊನೆಯ ದಿನಕ್ಕೆ ಒಂಬತ್ತು ದಿನ ಇರುವಾಗ ನನಗೆ ಸಂದೇಶ ಬಂತು. ನೆನಪೋಲೆಯ ಕೆಳಗೇ ಅವರ ಆಫರ್. ನಾವೇ ಸಲ್ಲಿಸುತ್ತೇವೆ, ಇಷ್ಟು ಕೊಡಿ. ಸರ್ಕಾರಿ ಶುಲ್ಕದ ನಾಲ್ಕು ಪಟ್ಟು.

ಬೇಡ, ಲಾಗಿನ್ ನನ್ನ ಇಮೇಲಿಗೆ ಬದಲಾಯಿಸಿ ಕೊಡಿ ಅಂದೆ. ಅದಕ್ಕೆ ‘ಭದ್ರತಾ ಪರಿಶೀಲನೆ’ ಆರು ದಿನ. ನಾನು ದಿನಾ ಬೆಳಗ್ಗೆ ಎದ್ದು ಫೋನ್ ನೋಡುವುದು, ಅಕ್ಕ ದಿನಾ "ಬಂತಾ?" ಅನ್ನುವುದು. ಏಳನೇ ಬೆಳಗ್ಗೆ ಬಂತು. ಕೂತು ಸಲ್ಲಿಸಿದೆ. ನಿರ್ದೇಶಕರು ಅವರೇ, ಷೇರು ಹಾಗೇ, ವಿಳಾಸ ಅದೇ, ಸಂಕೇತ 9523 ಅಂತ ಎರಡು ಸಲ ನೋಡಿಕೊಂಡೆ. 25 ನಿಮಿಷ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಪಾಸ್‌ವರ್ಡ್ ಹೊಂದಿಸುವುದಕ್ಕೇ.

ನೀವು ಒಬ್ಬರೇ ಇದ್ದು, ಸಾಲ ಸೋಲ ಇಲ್ಲದೆ ಚಿಕ್ಕದಾಗಿ ಶುರು ಮಾಡುವುದಾದರೆ ಇಂಥ ಪ್ಯಾಕೇಜಿಗೆ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ. ಕೈಯಲ್ಲಿ ಕೆಲಸ ತುಂಬಿದೆ, ದಾಖಲೆ ನೋಡಿದರೆ ನಿದ್ದೆ ಬರುತ್ತದೆ ಅನ್ನುವವರು ಮಾಡಿಸಿ. ಮೊದಲನೇ ಪ್ಯಾಕೇಜ್ ಸಾಕು, ಟಿಕ್‌ಗಳನ್ನೆಲ್ಲ ತೆಗೆಯಿರಿ. ಇಮೇಲ್ ಕೇಳುವ ಜಾಗದಲ್ಲಿ ನಿಮ್ಮದೇ ಹಾಕಿಸಿ, ಹಾಕಿದ್ದಾರಾ ಅಂತ ಅದೇ ದಿನ ಪೋರ್ಟಲ್ ತೆರೆದು ನೋಡಿ. ಸಾಧ್ಯವಾದರೆ ರಾತ್ರಿ ಹತ್ತರ ಮೇಲೆ ಚಾಟ್ ಮಾಡಿ.

ರೆಕ್ಸಿನ್ ಫೈಲು ಹದಿನಾಲ್ಕು ತಿಂಗಳಿಗೆ ಮಡಿಕೆಯಲ್ಲಿ ಬಿರುಕು ಬಿಟ್ಟಿದೆ. ಸೀಲ್ ಅಕ್ಕನ ಮೇಜಿನ ಮೇಲಿದೆ. ಹಿಡಿಗೆ ಅಂಟು ಹಾಕಿ ಒಣಗಿಸುವಾಗ ಚರ್ಮ ಏಳದ ಹಾಗೆ ಅದನ್ನು ಮೇಲೆ ಇಡುತ್ತಾಳೆ. ಅಷ್ಟು ಒಳ್ಳೆ ತೂಕ ಬೇರೆ ಯಾವುದಕ್ಕೂ ಇಲ್ಲವಂತೆ.